ನಮ್ಮ ಐದು ರಾಷ್ಟ್ರೀಯ ಉದ್ಯಾನಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಬೇಸಿಗೆ ರಜೆ ಹತ್ತಿರವಾಗುತ್ತಿದ್ದಂತೆ ಈ ಅಂಕಣಕ್ಕೆ ಕಾಡಿನ ಬಗೆಗಿನ ಪತ್ರಗಳು ಹೆಚ್ಚಾಗಿ ಬರುವುದು ವಾಡಿಕೆ. ಈ ಸಲ ಬಂದವುಗಳಲ್ಲಿ ಕರ್ನಾಟಕದ ರಾಷ್ಟ್ರೀಯ ಉದ್ಯಾನಗಳನ್ನು ಕುರಿತ ಏಳು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ. ಪತ್ರಗಳು ದೀರ್ಘವಾಗಿದ್ದುದರಿಂದ ಪ್ರಶ್ನೆಯ ತಿರುಳನ್ನಷ್ಟೇ ಇಲ್ಲಿ ಕೊಟ್ಟಿದೆ.

ಪ್ರಶ್ನೆ: ಮಕ್ಕಳಿಗೆ ಪಾಠ ಮಾಡುವಾಗ ನನಗೇ ಗೊಂದಲವಾಗುತ್ತದೆ. ರಾಜ್ಯದಲ್ಲಿ ಐದು ರಾಷ್ಟ್ರೀಯ ಉದ್ಯಾನಗಳಿವೆ, ಐದು ಹುಲಿ ಸಂರಕ್ಷಿತ ಪ್ರದೇಶಗಳೂ ಇವೆ. ಇವೆರಡೂ ಒಂದೇ ಪಟ್ಟಿಯೇ? (ಚಿತ್ರದುರ್ಗ ಜಿಲ್ಲೆಯ ಪ್ರೌಢಶಾಲಾ ಶಿಕ್ಷಕಿಯೊಬ್ಬರು)

ಉತ್ತರ: ಎರಡೂ ಪಟ್ಟಿಗಳಲ್ಲಿ ಐದೈದು ಹೆಸರುಗಳಿರುವುದರಿಂದಲೇ ಈ ಗೊಂದಲ ಉಂಟಾಗುತ್ತದೆ. ರಾಷ್ಟ್ರೀಯ ಉದ್ಯಾನಗಳು ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ ಮತ್ತು ಅಣಶಿ. ಹುಲಿ ಸಂರಕ್ಷಿತ ಪ್ರದೇಶಗಳು ಬಂಡೀಪುರ, ನಾಗರಹೊಳೆ, ಭದ್ರಾ, ಕಾಳಿ ಮತ್ತು ಬಿಳಿಗಿರಿ ರಂಗನ ಬೆಟ್ಟ. ಬಂಡೀಪುರ ಮತ್ತು ನಾಗರಹೊಳೆ ಎರಡರಲ್ಲೂ ಇವೆ. ಅಣಶಿ ರಾಷ್ಟ್ರೀಯ ಉದ್ಯಾನವನ್ನು ಪಕ್ಕದ ದಾಂಡೇಲಿ ವನ್ಯಜೀವಿ ಧಾಮದೊಡನೆ ಸೇರಿಸಿ 2007ರಲ್ಲಿ ದಾಂಡೇಲಿ–ಅಣಶಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. 2015ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರನ್ನು ಇಡಲಾಯಿತು. ಭದ್ರಾ ಮತ್ತು ಬಿಳಿಗಿರಿ ರಂಗನ ಬೆಟ್ಟಗಳು ಕಾನೂನಿನ ದೃಷ್ಟಿಯಲ್ಲಿ ವನ್ಯಜೀವಿ ಧಾಮಗಳು, ರಾಷ್ಟ್ರೀಯ ಉದ್ಯಾನಗಳಲ್ಲ. ಬನ್ನೇರುಘಟ್ಟ ಮತ್ತು ಕುದುರೆಮುಖಗಳು ರಾಷ್ಟ್ರೀಯ ಉದ್ಯಾನಗಳು, ಆದರೆ ಹುಲಿ ಯೋಜನೆಗೆ ಸೇರಿದವಲ್ಲ.

ಇವೆಲ್ಲಕ್ಕೂ ಆಧಾರವಾಗಿರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಧಾಮದೊಳಗೆ ಜನರ ಕೆಲವು ಹಕ್ಕುಗಳು ಮುಂದುವರಿಯಲು ಕಾಯ್ದೆ ಅವಕಾಶ ಕೊಡುತ್ತದೆ. ರಾಷ್ಟ್ರೀಯ ಉದ್ಯಾನದಲ್ಲಿ ದನಕರು ಮೇಯಿಸುವುದಕ್ಕೂ ಅನುಮತಿಯಿಲ್ಲ. ಹುಲಿ ಸಂರಕ್ಷಿತ ಪ್ರದೇಶವೆಂಬುದು 2006ರ ತಿದ್ದುಪಡಿಯ ಮೂಲಕ ಕಾಯ್ದೆಯೊಳಗೆ ಬಂದ ಇನ್ನೊಂದು ಪದರ. ಅದಕ್ಕೆ ನಡುಭಾಗ ಮತ್ತು ಅಂಚುಭಾಗ ಎಂಬ ಎರಡು ವಲಯಗಳಿರುತ್ತವೆ. ಹೀಗಾಗಿ ಒಂದೇ ಕಾಡಿಗೆ ಎರಡು ಹೆಸರುಫಲಕಗಳಿರುವುದು ಸಾಧ್ಯ.

ಮಕ್ಕಳಿಗೆ ಹೇಳುವಾಗ ಇನ್ನೊಂದು ಮಾತನ್ನು ಸೇರಿಸಬೇಕೆಂದು ನನ್ನ ಕೋರಿಕೆ. 'ಉದ್ಯಾನ' ಎಂದೊಡನೆ ಅವರ ಕಣ್ಣ ಮುಂದೆ ಲಾಲ್‌ಬಾಗ್ ಬರುತ್ತದೆ. ಇಲ್ಲಿ ಯಾರೂ ಗಿಡ ನೆಟ್ಟು ಪಾತಿ ಮಾಡಿಲ್ಲ. ಬಂಡೀಪುರ ಸುಮಾರು 870 ಚದರ ಕಿಲೋಮೀಟರ್, ನಾಗರಹೊಳೆ 643, ಕುದುರೆಮುಖ 600. ಈ ವಿಸ್ತಾರದಲ್ಲಿ ಮಳೆ, ಮಣ್ಣು ಮತ್ತು ಮೇಯುವ ಪ್ರಾಣಿಗಳೇ ತೋಟಗಾರರು.

ಪ್ರಶ್ನೆ: ಮೂರು ಸಲ ಕುಟುಂಬದೊಡನೆ ಬಂಡೀಪುರಕ್ಕೆ ಹೋಗಿ ಬಂದೆವು. ಒಂದು ಸಲವೂ ಹುಲಿ ಕಾಣಲಿಲ್ಲ. ಪತ್ರಿಕೆಗಳಲ್ಲಿ ಬರುವ ಹುಲಿಗಳ ಸಂಖ್ಯೆಯನ್ನು ನಂಬಬಹುದೇ? (ಬೆಂಗಳೂರಿನ ಬ್ಯಾಂಕ್ ಉದ್ಯೋಗಿಯೊಬ್ಬರು)

ಉತ್ತರ: ನಂಬಬಹುದು. ಆದರೆ ಆ ಸಂಖ್ಯೆ ಹೇಗೆ ಬಂತೆಂಬುದನ್ನು ತಿಳಿದು ನಂಬುವುದು ಒಳ್ಳೆಯದು. ಹಿಂದೆ ಹೆಜ್ಜೆಗುರುತುಗಳ ಅಚ್ಚು ತೆಗೆದು ಹುಲಿಗಳನ್ನು ಲೆಕ್ಕ ಹಾಕುತ್ತಿದ್ದರು. ಒಂದೇ ಹುಲಿಯ ಹೆಜ್ಜೆ ಒಣಮಣ್ಣಿನಲ್ಲಿ ಒಂದು ಬಗೆ, ಕೆಸರಿನಲ್ಲಿ ಇನ್ನೊಂದು ಬಗೆಯಾಗಿ ಮೂಡುವುದರಿಂದ ಆ ಲೆಕ್ಕದಲ್ಲಿ ದೋಷಗಳಿರುತ್ತಿದ್ದವು. ನಾಗರಹೊಳೆಯಲ್ಲಿ 1980ರ ದಶಕದಿಂದ ಸಂಶೋಧನೆ ನಡೆಸಿದ ಉಲ್ಲಾಸ ಕಾರಂತರು ಕ್ಯಾಮೆರಾ ಬಳಸುವ ವೈಜ್ಞಾನಿಕ ವಿಧಾನವನ್ನು ನಮ್ಮ ಕಾಡುಗಳಲ್ಲಿ ನೆಲೆಗೊಳಿಸಿದರು. ಮನುಷ್ಯರ ಬೆರಳಚ್ಚಿನಂತೆ ಪ್ರತಿ ಹುಲಿಯ ಪಟ್ಟೆಯೂ ಬೇರೆ. ಎಡಮೈಯ ಪಟ್ಟೆಗೂ ಬಲಮೈಯ ಪಟ್ಟೆಗೂ ಹೋಲಿಕೆಯಿಲ್ಲ. ಆದ್ದರಿಂದ ಕಾಲುದಾರಿಯ ಎರಡು ಬದಿಗೂ ಒಂದೊಂದು ಕ್ಯಾಮೆರಾ ಕಟ್ಟುತ್ತಾರೆ. ಸಿಕ್ಕ ಚಿತ್ರಗಳಲ್ಲಿ ಎಷ್ಟು ಹುಲಿಗಳು ಮತ್ತೆ ಮತ್ತೆ ಬಂದವು, ಎಷ್ಟು ಒಮ್ಮೆ ಮಾತ್ರ ಬಂದವು ಎಂಬುದರ ಮೇಲೆ, ಕ್ಯಾಮೆರಾಕ್ಕೆ ಸಿಗದೇ ಉಳಿದವು ಎಷ್ಟಿರಬಹುದೆಂದು ಅಂದಾಜು ಮಾಡುತ್ತಾರೆ. 2006ರಿಂದ ನಾಲ್ಕು ವರ್ಷಗಳಿಗೊಮ್ಮೆ ನಡೆಯುತ್ತಿರುವ ಈ ಅಂದಾಜಿನ ಪ್ರಕಾರ ಕರ್ನಾಟಕದಲ್ಲಿ 2010ರಲ್ಲಿ 300, 2014ರಲ್ಲಿ 406, 2018ರಲ್ಲಿ 524 ಮತ್ತು 2022ರಲ್ಲಿ 563 ಹುಲಿಗಳಿದ್ದವು.

ಹಾಗಿದ್ದರೂ ತಮಗೇಕೆ ಕಾಣಲಿಲ್ಲ? ಪ್ರವಾಸಿಗರ ವಾಹನ ಓಡಾಡುವುದು ಕಾಡಿನ ಒಂದು ಸಣ್ಣ ಮೂಲೆಯಲ್ಲಿ ಮಾತ್ರ. ಒಂದು ಹೆಣ್ಣು ಹುಲಿಗೆ ಹತ್ತಿಪ್ಪತ್ತು ಚದರ ಕಿಲೋಮೀಟರ್ ಕಾಡು ಬೇಕು, ಗಂಡಿಗೆ ಅದಕ್ಕಿಂತ ಹೆಚ್ಚು. ಅದು ಹಗಲಿನ ಬಹುಪಾಲನ್ನು ನೆರಳಿನಲ್ಲಿ, ನೀರಿನ ಬಳಿ ಮಲಗಿ ಕಳೆಯುತ್ತದೆ. ಅದು ಮಲಗಿದ ಪೊದೆಯ ಪಕ್ಕದಿಂದಲೇ ತಮ್ಮ ಜೀಪು ಹಾದುಹೋಗಿರಲೂಬಹುದು.

ಹುಲಿ ಕಾಣದಿದ್ದುದಕ್ಕಿಂತ, ತಮ್ಮ ಎರಡು ಪುಟದ ಪತ್ರದಲ್ಲಿ ಬೇರೆ ಯಾವ ಪ್ರಾಣಿಯ ಹೆಸರೂ ಇಲ್ಲದಿರುವುದು ನನಗೆ ಹೆಚ್ಚು ಬೇಸರ ತಂದಿತು. ಒಂದು ಹುಲಿ ಬದುಕಲು ವರ್ಷಕ್ಕೆ ಸುಮಾರು 50 ದೊಡ್ಡ ಬೇಟೆಪ್ರಾಣಿಗಳು ಬೇಕು. ಅಷ್ಟನ್ನು ಕಳೆದುಕೊಂಡೂ ಹಿಂಡು ಕರಗದೇ ಇರಬೇಕಾದರೆ ಅದರ ಹತ್ತು ಪಟ್ಟು, ಅಂದರೆ ಸುಮಾರು 500 ಪ್ರಾಣಿಗಳು ಆ ಕಾಡಿನಲ್ಲಿ ಮೇಯುತ್ತಿರಬೇಕು. ಬಂಡೀಪುರದಲ್ಲಿ ತಾವು ಕಂಡಿರಬಹುದಾದ ಚುಕ್ಕೆಜಿಂಕೆಯ ಹಿಂಡು, ಕಡವೆ, ಮರದಡಿಯಲ್ಲಿ ಒಂಟಿಯಾಗಿ ನಿಂತ ಕಾಟಿ, ಹೊದರಿನ ಅಂಚಿನ ಕಾಡುಕುರಿ, ಇವೇ ಹುಲಿಯಿರುವುದಕ್ಕೆ ಸಾಕ್ಷಿ. ಘಟ್ಟದ ಮಳೆನೆರಳಿನಲ್ಲಿರುವ ಬಂಡೀಪುರ ಎಲೆಯುದುರುವ ಒಣಕಾಡು. ಮತ್ತಿ, ಹೊನ್ನೆ, ದಿಂಡಿಗ, ತೇಗದ ಮರಗಳು ದೂರದೂರಕ್ಕೆ ನಿಂತಿರುವುದರಿಂದ ಬಿಸಿಲು ನೆಲಕ್ಕೆ ಬಿದ್ದು ಹುಲ್ಲು ಬೆಳೆಯುತ್ತದೆ. ಹುಲ್ಲಿರುವಲ್ಲಿ ಜಿಂಕೆ, ಜಿಂಕೆಯಿರುವಲ್ಲಿ ಹುಲಿ, ಚಿರತೆ ಮತ್ತು ಸೀಳುನಾಯಿ. ಮುಂದಿನ ಸಲ ಹೋದಾಗ ಮರದ ಮೇಲಿನ ಮುಸುವ ಏಕಾಏಕಿ ಕೆಮ್ಮಿದಂತೆ ಕೂಗಿದರೆ, ಅದನ್ನು ಕೇಳಿ ಜಿಂಕೆಗಳು ಬಾಲವೆತ್ತಿ ಒಂದೇ ದಿಕ್ಕಿಗೆ ನೋಡುತ್ತಾ ನಿಂತರೆ, ವಾಹನದವರಿಗೆ ಎಂಜಿನ್ ನಿಲ್ಲಿಸಲು ಹೇಳಿ ಸುಮ್ಮನೆ ಕುಳಿತುಕೊಳ್ಳಿ. ಹುಲಿ ಹೊರಗೆ ಬಾರದಿದ್ದರೂ, ಅದು ಅಲ್ಲಿರುವ ಸುದ್ದಿ ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಹೇಗೆ ತಲುಪುತ್ತದೆಂಬುದನ್ನು ಮಕ್ಕಳು ಕಿವಿಯಾರೆ ಕೇಳುತ್ತಾರೆ.

ಪ್ರಶ್ನೆ: ಬೇಸಿಗೆಯಲ್ಲಿ ಕಬಿನಿ ಹಿನ್ನೀರಿನ ದಡದಲ್ಲಿ ನೂರಾರು ಆನೆಗಳು ಸೇರುತ್ತವೆಂದು ಕೇಳಿದ್ದೇನೆ. ಅವು ಎಲ್ಲಿಂದ ಬರುತ್ತವೆ, ಏಕೆ ಬರುತ್ತವೆ? (ದಾವಣಗೆರೆಯ ಓದುಗರೊಬ್ಬರು)

ಉತ್ತರ: ಕಬಿನಿ ಅಣೆಕಟ್ಟು 1974ರಲ್ಲಿ ಪೂರ್ಣಗೊಂಡಿತು. ಅದರ ಹಿನ್ನೀರು ಒಂದು ದಡದಲ್ಲಿ ಬಂಡೀಪುರವನ್ನೂ ಇನ್ನೊಂದು ದಡದಲ್ಲಿ ನಾಗರಹೊಳೆಯನ್ನೂ ಇಟ್ಟುಕೊಂಡು ಹರಡಿದೆ. ಮಳೆಗಾಲದಲ್ಲಿ ತುಂಬಿ ನಿಂತ ನೀರು ಫೆಬ್ರುವರಿಯ ನಂತರ ಇಳಿಯತೊಡಗುತ್ತದೆ, ಮತ್ತು ತಿಂಗಳುಗಟ್ಟಲೆ ನೀರಿನಡಿಯಿದ್ದ ಮೆಕ್ಕಲು ನೆಲ ಮೇಲೆದ್ದು, ಸುತ್ತಲಿನ ಕಾಡೆಲ್ಲ ಒಣಗಿ ಬೂದುಬಣ್ಣವಾಗಿರುವ ಹೊತ್ತಿನಲ್ಲಿಯೇ, ಅಲ್ಲಿ ಎಳೆಹುಲ್ಲು ಚಿಗುರುತ್ತದೆ. ದಿನಕ್ಕೆ ನೂರೈವತ್ತು ಕಿಲೋದಷ್ಟು ಮೇವು ಮತ್ತು ನೂರು ಲೀಟರಿಗೂ ಹೆಚ್ಚು ನೀರು ಬೇಕಾದ ಆನೆಗೆ ಮೇವು ನೀರು ಎರಡೂ ಒಂದೇ ಕಡೆ ಸಿಗುವ ಜಾಗ ಏಪ್ರಿಲಿನಲ್ಲಿ ಬೇರೆಲ್ಲಿದೆ? ಬಂಡೀಪುರ, ನಾಗರಹೊಳೆಗಳಿಂದಲ್ಲದೆ ಕೇರಳದ ವಯನಾಡು ಮತ್ತು ತಮಿಳುನಾಡಿನ ಮುದುಮಲೆಗೆ ಹೊಂದಿಕೊಂಡ ಕಾಡುಗಳಿಂದಲೂ ಹಿಂಡುಗಳು ಇಲ್ಲಿಗೆ ನಡೆದು ಬರುತ್ತವೆ. ಈ ನಾಲ್ಕೂ ಕಾಡುಗಳು 1986ರಲ್ಲಿ ಘೋಷಿತವಾದ ನೀಲಗಿರಿ ಜೀವಗೋಳ ಮೀಸಲಿನ ಭಾಗಗಳು, ಮತ್ತು ರಾಜ್ಯಗಳ ಗಡಿ ಆನೆಗೆ ಗೊತ್ತಿಲ್ಲ. ಮುಂಗಾರು ಹಿಡಿದು ಕಾಡಿನ ಹೊಂಡಗಳು ತುಂಬಿದೊಡನೆ ಹಿಂಡುಗಳು ಚದುರಿಹೋಗುತ್ತವೆ.

ಈ ದಡಕ್ಕೆ ಇನ್ನೊಂದು ನೆನಪೂ ಇದೆ. ಹಿನ್ನೀರಿನಲ್ಲಿ ಒಂದಷ್ಟು ಭಾಗ ಮುಳುಗಿರುವ ಕಾಕನಕೋಟೆಯ ಕಾಡು ಒಂದು ಕಾಲದಲ್ಲಿ ಖೆಡ್ಡಾಕ್ಕೆ ಹೆಸರಾಗಿತ್ತು. 1870ರ ದಶಕದಲ್ಲಿ ಸ್ಯಾಂಡರ್ಸನ್ ಎಂಬ ಅಧಿಕಾರಿ ಮೈಸೂರು ಸಂಸ್ಥಾನದಲ್ಲಿ ಆರಂಭಿಸಿದ ಈ ಪದ್ಧತಿಯಲ್ಲಿ, ತಮಟೆ ಬಡಿಯುತ್ತಾ ಪಂಜು ಹಿಡಿದ ನೂರಾರು ಜನ ಆನೆಹಿಂಡನ್ನು ಬೆದರಿಸಿ, ಮರದ ದಿಮ್ಮಿಗಳ ಆವರಣದೊಳಗೆ ನುಗ್ಗಿಸಿ ಸೆರೆಹಿಡಿಯುತ್ತಿದ್ದರು. ಕಾಡನ್ನು ಅಂಗೈಯಂತೆ ಬಲ್ಲ ಕುರುಬ ಸಮುದಾಯದವರಿಲ್ಲದೆ ಆ ಕೆಲಸ ನಡೆಯುತ್ತಿರಲಿಲ್ಲ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಅದೇ ಪ್ರದೇಶದಲ್ಲಿ ಇಂದು ತಾಯಾನೆಗಳು ಮರಿಗಳನ್ನು ಬಯಲಿಗೆ ಕರೆತಂದು ನಿಶ್ಚಿಂತೆಯಿಂದ ಮೇಯುತ್ತಿರುವುದನ್ನು ಕಂಡಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. 2023ರ ಗಣತಿಯ ಪ್ರಕಾರ ಕರ್ನಾಟಕದಲ್ಲಿರುವ ಆನೆಗಳು 6,395.

ಪ್ರಶ್ನೆ: ಕುದುರೆಮುಖಕ್ಕೆ ಚಾರಣ ಹೋದಾಗ ಮೈಲುಗಟ್ಟಲೆ ಬೋಳು ಗುಡ್ಡಗಳನ್ನು ಕಂಡು ನೋವಾಯಿತು. ನಮ್ಮ ಯುವಕ ಸಂಘದಿಂದ ಅಲ್ಲಿ ಸಸಿ ನೆಡಬಹುದೇ? (ಉಡುಪಿ ಜಿಲ್ಲೆಯ ಯುವಕರೊಬ್ಬರು)

ಉತ್ತರ: ತಮ್ಮ ಕಾಳಜಿಗೆ ಗೌರವವಿಟ್ಟೇ ಹೇಳುತ್ತೇನೆ, ದಯವಿಟ್ಟು ಬೇಡ. ಆ ಗುಡ್ಡಗಳು ಮರ ಕಳೆದುಕೊಂಡು ಬೋಳಾದವುಗಳಲ್ಲ. ಅವು ಹುಲ್ಲುಗಾವಲುಗಳು, ಬಹುಕಾಲದಿಂದಲೂ ಹಾಗೆಯೇ ಇರುವಂಥವು. ಕುದುರೆಮುಖದಂತಹ ಎತ್ತರದ ಘಟ್ಟಸಾಲಿನಲ್ಲಿ ತೆರೆದ ನೆತ್ತಿಯ ಮೇಲೆ ಮಣ್ಣು ತೆಳು, ಗಾಳಿ ವಿಪರೀತ. ಅಲ್ಲಿ ಹುಲ್ಲು ಗೆಲ್ಲುತ್ತದೆ. ಎರಡು ಗುಡ್ಡಗಳ ನಡುವಿನ ಮಡಿಕೆಯಲ್ಲಿ ಮಣ್ಣು ದಪ್ಪವಾಗಿ, ತೇವ ನಿಂತು, ಗಾಳಿಗೆ ಮರೆ ಸಿಕ್ಕುವಲ್ಲಿ ದಟ್ಟ ನಿತ್ಯಹರಿದ್ವರ್ಣದ ಕಾಡು ಬೆಳೆಯುತ್ತದೆ. ಇದಕ್ಕೆ ಶೋಲಾ ಕಾಡು ಎನ್ನುತ್ತಾರೆ. ದೂರದಿಂದ ನೋಡಿದರೆ ಹಸಿರು ಕಂಬಳಿಯ ಮಡಿಕೆಗಳಲ್ಲಿ ಕಪ್ಪುಹಸಿರು ಅಂಚು ಹೊಲಿದಂತೆ ಕಾಣುವುದು ಈ ಜೋಡಿಯೇ.

ಹುಲ್ಲು ಮತ್ತು ಶೋಲಾ ಕೂಡಿ ಮಾಡುವ ಕೆಲಸ ದೊಡ್ಡದು. ಜೂನ್‌ನಿಂದ ಸುರಿಯುವ ಭಾರೀ ಮಳೆಯನ್ನು ಹುಲ್ಲಿನ ಬೇರು ಹಿಡಿದು ನಿಧಾನವಾಗಿ ಕೆಳಗಿಳಿಸುತ್ತದೆ, ಶೋಲಾ ಅದನ್ನು ತನ್ನ ಎಲೆಗೊಬ್ಬರದಲ್ಲಿ ಕೂಡಿಟ್ಟು ಬೇಸಿಗೆಯವರೆಗೆ ಒಸರಿಸುತ್ತದೆ. ತುಂಗಾ, ಭದ್ರಾ, ನೇತ್ರಾವತಿ ನದಿಗಳ ಮೂಲ ಇರುವುದು ಈ ಉದ್ಯಾನದ ಗಂಗಾಮೂಲದಲ್ಲಿ. ಹೊಸಪೇಟೆಯ ಕಾಲುವೆಯ ನೀರಿಗೂ ಮಂಗಳೂರಿನ ನಲ್ಲಿಯ ನೀರಿಗೂ ಈ ಗುಡ್ಡಗಳ ಋಣವಿದೆ. ಇಲ್ಲಿ ಅಕೇಶಿಯಾವನ್ನೋ ಇನ್ನಾವುದೋ ಸಸಿಯನ್ನೋ ತಂದು ನೆಟ್ಟರೆ ಹುಲ್ಲು ಸಾಯುತ್ತದೆ, ಹುಲ್ಲನ್ನೇ ನಂಬಿದ ಕಾಟಿ, ಕಡವೆಗಳ ಮೇವು ಹೋಗುತ್ತದೆ. ಶೋಲಾದ ಮರವಂತೂ ಆ ನೆತ್ತಿಯ ಮೇಲೆ ಬದುಕುವುದೇ ಇಲ್ಲ. ಹಾಗೆಂದು ಈ ಕಾಡುಗಳಲ್ಲಿ ಮರಕ್ಕೆ ಬೆಲೆಯಿಲ್ಲವೆಂದಲ್ಲ. ಕೆಳಗಿನ ಇಳಿಜಾರಿನ ದಟ್ಟ ಕಾಡಿನಲ್ಲಿ ವಾಸಿಸುವ ಸಿಂಗಳೀಕ ನೆಲಕ್ಕೆ ಇಳಿಯುವುದೇ ಅಪರೂಪ. ವರ್ಷವಿಡೀ ಒಂದಲ್ಲ ಒಂದು ಮರದಲ್ಲಿ ಹಣ್ಣು ಸಿಗುವಷ್ಟು ಬಗೆಬಗೆಯ ಮರಗಳು, ಕೊಂಬೆಗೆ ಕೊಂಬೆ ತಾಗಿ, ಇದ್ದರೆ ಮಾತ್ರ ಅದರ ಬಾಳುವೆ.

ಗುಡ್ಡ ಬೋಳಾದ ನಿಜವಾದ ಕಥೆಯೂ ಕುದುರೆಮುಖದಲ್ಲಿದೆ. 1976ರಲ್ಲಿ ಸ್ಥಾಪನೆಯಾದ ಸರ್ಕಾರಿ ಸ್ವಾಮ್ಯದ ಕಂಪನಿಯೊಂದು ಇಲ್ಲಿ ಕಬ್ಬಿಣದ ಅದಿರನ್ನು ಅಗೆದು, ಪುಡಿಮಾಡಿ, ನೀರಿನೊಡನೆ ಬೆರೆಸಿ ಕೊಳವೆಯಲ್ಲಿ ಮಂಗಳೂರಿಗೆ ಇಳಿಸುತ್ತಿತ್ತು. ಉಳಿದ ಹೂಳು ಲಖ್ಯಾ ಅಣೆಕಟ್ಟೆಯ ಹಿಂದೆ ತುಂಬಿಕೊಂಡಿತು. 1987ರಲ್ಲಿ ರಾಷ್ಟ್ರೀಯ ಉದ್ಯಾನದ ಘೋಷಣೆಯಾದ ಮೇಲೂ ಅಗೆತ ಮುಂದುವರಿಯಿತು. ನಾಗರಹೊಳೆಯಲ್ಲಿ ದೀರ್ಘಕಾಲ ವಲಯ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪನವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು; ಸುಪ್ರೀಂ ಕೋರ್ಟ್ 2002ರಲ್ಲಿ ನೀಡಿದ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ತಮ್ಮ ಸಂಘ ಏನಾದರೂ ಮಾಡಲೇಬೇಕೆಂದಿದ್ದರೆ, ಚಾರಣಿಗರು ಬಿಟ್ಟುಹೋದ ಪ್ಲಾಸ್ಟಿಕ್ಕನ್ನು ಅರಣ್ಯ ಇಲಾಖೆಯ ಅನುಮತಿ ಪಡೆದು ಕೆಳಗಿಳಿಸಿ. ಬೇಸಿಗೆಯಲ್ಲಿ ಹುಲ್ಲಿಗೆ ಬೆಂಕಿ ಬೀಳದಂತೆ ಕಾಯುವ ಸಿಬ್ಬಂದಿಗೆ ನೆರವಾಗಿ.

ಪ್ರಶ್ನೆ: ಬನ್ನೇರುಘಟ್ಟದಲ್ಲಿ ಪಂಜರದ ಪ್ರಾಣಿಗಳಿರುವಾಗ ಅದನ್ನು ರಾಷ್ಟ್ರೀಯ ಉದ್ಯಾನ ಎನ್ನುವುದು ಸರಿಯೇ? (ಬೆಂಗಳೂರಿನ ಗೃಹಿಣಿಯೊಬ್ಬರು)

ಉತ್ತರ: ತಾವು ನೋಡಿದ್ದು ಜೈವಿಕ ಉದ್ಯಾನ. ಮೃಗಾಲಯ, ಸಫಾರಿ ಮತ್ತು ಚಿಟ್ಟೆ ಉದ್ಯಾನ ಸೇರಿರುವ ಆ ಭಾಗವನ್ನು 2002ರಲ್ಲಿ ಪ್ರತ್ಯೇಕಿಸಲಾಯಿತು. ರಾಷ್ಟ್ರೀಯ ಉದ್ಯಾನವು ಅದರ ಆಚೆಗೆ, ಆನೇಕಲ್ ಮತ್ತು ಕನಕಪುರದ ಕಡೆಗೆ ಉದ್ದಕ್ಕೆ ಚಾಚಿಕೊಂಡಿರುವ ಕುರುಚಲು ಕಾಡು ಮತ್ತು ಕಲ್ಲುಗುಡ್ಡಗಳ ಸೀಮೆ. 1974ರಲ್ಲಿ ಘೋಷಿತವಾದಾಗ ಸುಮಾರು 100 ಚದರ ಕಿಲೋಮೀಟರ್ ಇದ್ದ ಅದು 2011ರಲ್ಲಿ 260ಕ್ಕೆ ವಿಸ್ತರಿಸಿತು. ಅಲ್ಲಿ ಕಾಡಾನೆ, ಚಿರತೆ, ಕರಡಿಗಳು ಸ್ವತಂತ್ರವಾಗಿ ಬದುಕಿವೆ. ಆನೆಗಳು ದಕ್ಷಿಣಕ್ಕೆ ಕಾವೇರಿ ವನ್ಯಜೀವಿ ಧಾಮದವರೆಗೂ ತಮಿಳುನಾಡಿನ ಕಾಡುಗಳವರೆಗೂ ಹೋಗಿಬರುತ್ತವೆ. ರಾಗಿ ತೆನೆ ಕಟ್ಟುವ ತಿಂಗಳುಗಳಲ್ಲಿ ಕಾಡಂಚಿನ ರೈತರು ರಾತ್ರಿಯಿಡೀ ಹೊಲ ಕಾಯುತ್ತಾರೆ. ಒಂದು ಮಹಾನಗರದ ಬಗಲಿನಲ್ಲೇ ಇಂಥದೊಂದು ಕಾಡು ಉಳಿದಿರುವುದು ಬೆಂಗಳೂರಿನ ಭಾಗ್ಯ. ಅದಕ್ಕೆ ಆ ರೈತರು ತೆರುತ್ತಿರುವ ಬೆಲೆಯನ್ನು ನಗರದವರಾದ ನಾವು ನೆನೆಯುವುದೇ ಕಡಿಮೆ.

ಪ್ರಶ್ನೆ: ಬಂಡೀಪುರದ ರಸ್ತೆಯಲ್ಲಿ ರಾತ್ರಿ ಸಂಚಾರ ನಿಷೇಧಿಸಿರುವುದರಿಂದ ನಮ್ಮ ತರಕಾರಿ ಲಾರಿಗಳಿಗೆ ತೊಂದರೆಯಾಗಿದೆ. ಕಾಡಿನೊಳಗೆ ಲಂಟಾನ ತುಂಬಿರುವುದನ್ನು ಬಿಟ್ಟು ರಸ್ತೆಯನ್ನೇ ಏಕೆ ಮುಚ್ಚಬೇಕು? (ಗುಂಡ್ಲುಪೇಟೆಯ ವರ್ತಕರೊಬ್ಬರು)

ಉತ್ತರ: ತಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಮೊದಲು ರಸ್ತೆ. ಗುಂಡ್ಲುಪೇಟೆಯಿಂದ ವಯನಾಡಿನ ಕಡೆಗೂ ಊಟಿಯ ಕಡೆಗೂ ಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ನಿಷೇಧ 2009ರಲ್ಲಿ ಜಾರಿಗೆ ಬಂತು. ಮರುವರ್ಷ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ತುರ್ತು ವಾಹನಗಳಿಗೂ ಕೆಲವೇ ಬಸ್ಸುಗಳಿಗೂ ವಿನಾಯಿತಿಯಿದೆ, ಹುಣಸೂರು–ಗೋಣಿಕೊಪ್ಪ–ಕುಟ್ಟ ಮಾರ್ಗ ಬಳಸಬಹುದಾಗಿದೆ. ಅದು ಸುತ್ತು, ಡೀಸೆಲ್ ಖರ್ಚು ಹೆಚ್ಚು, ತರಕಾರಿ ಬಾಡುತ್ತದೆ ಎಂಬ ತಮ್ಮ ಮಾತು ನಿಜ. ಆದರೂ ನಾನು ನಿಷೇಧದ ಪರವಾಗಿಯೇ ಇದ್ದೇನೆ. ಹೆಡ್‌ಲೈಟ್‌ಗೆ ಕಣ್ಣು ಕತ್ತಲಿಟ್ಟ ಜಿಂಕೆ ರಸ್ತೆಯ ನಡುವೆಯೇ ನಿಂತುಬಿಡುತ್ತದೆ, ಆನೆಹಿಂಡು ದಾಟಲು ಹೆದರಿ ನೀರಿನ ದಾರಿಯನ್ನೇ ಬಿಡುತ್ತದೆ. ಹಗಲೆಲ್ಲ ನಮಗೆ ಬಿಟ್ಟುಕೊಟ್ಟ ದಾರಿಯನ್ನು ಒಂಬತ್ತು ಗಂಟೆಗಳ ಕಾಲ ಅವುಗಳಿಗೆ ಬಿಡುವುದು ಅತಿಯಾಯಿತೆಂದು ನನಗನ್ನಿಸುವುದಿಲ್ಲ.

ಲಂಟಾನದ ವಿಷಯದಲ್ಲಿ ತಾವು ಹೇಳಿದ್ದು ಸಂಪೂರ್ಣ ಸರಿ, ಅದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಅಮೆರಿಕ ಖಂಡದ ಈ ಗಿಡವನ್ನು ಬ್ರಿಟಿಷರ ಕಾಲದಲ್ಲಿ ಹೂವಿನ ಚಂದಕ್ಕೆಂದು ತರಲಾಯಿತು. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದವು, ದನ ಅದನ್ನು ಮುಟ್ಟುವುದಿಲ್ಲ, ಜಿಂಕೆಯೂ ಮೇಯುವುದಿಲ್ಲ. ಈ ಕಾಡುಗಳಲ್ಲಿ ಬಿದಿರು ಹೂಬಿಟ್ಟು ಸತ್ತಾಗ ತೆರವಾದ ಜಾಗದಲ್ಲೂ ಅದು ನುಗ್ಗಿತು. ಆಳೆತ್ತರದ ಪೊದೆಯ ಅಡಿಯಲ್ಲಿ ಹುಲ್ಲು ಬೆಳೆಯುವುದಿಲ್ಲ. ಹುಲ್ಲಿಲ್ಲದ ಪ್ರಾಣಿ ತಮ್ಮ ಹೊಲಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಒಣಗಿ ನಿಂತ ಲಂಟಾನ ನೆಲದ ಬೆಂಕಿಯನ್ನು ಏಣಿಯಂತೆ ಮರದ ನೆತ್ತಿಗೆ ಹತ್ತಿಸುತ್ತದೆ. 2019ರ ಫೆಬ್ರುವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತಿನ ಕಾಡು ಉರಿದದ್ದನ್ನು ತಾವು ಊರಿನಿಂದಲೇ ನೋಡಿರುತ್ತೀರಿ. ಬಿಳಿಗಿರಿ ರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆಯ ಆರಂಭದಲ್ಲೇ ಕಡಿಮೆ ಉರಿಯ 'ತರಗು ಬೆಂಕಿ' ಹಾಕಿ ಉದುರಿದ ಎಲೆಯನ್ನು ಸುಡುತ್ತಿದ್ದರು. ಅದು ನಿಂತ ಮೇಲೆಯೇ ಲಂಟಾನ ಹೆಚ್ಚಿತೆಂಬುದು ಅವರ ಅನುಭವದ ಮಾತು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಅವರ ಸಮುದಾಯ ಅರಣ್ಯ ಹಕ್ಕನ್ನು ಮಾನ್ಯ ಮಾಡಲಾಗಿದೆ. ಹಕ್ಕನ್ನು ಒಪ್ಪಿದ ಮೇಲೆ ಅವರ ತಿಳಿವಳಿಕೆಯನ್ನೂ ಕೇಳಿಸಿಕೊಳ್ಳುವುದು ನ್ಯಾಯ. ಮಲೆ ಮಹದೇಶ್ವರ ಬೆಟ್ಟದಲ್ಲಿ ಲಂಟಾನದ ಕಡ್ಡಿಯಿಂದ ಕುರ್ಚಿ, ಮೇಜು ಹೆಣೆಯುವ ಕುಶಲಕರ್ಮಿಗಳಿದ್ದಾರೆ. ಗುಂಡ್ಲುಪೇಟೆಯ ವರ್ತಕರು ಆ ಸರಕಿಗೆ ಮಾರುಕಟ್ಟೆ ಹುಡುಕಿಕೊಟ್ಟರೆ ಕಾಡಿಗೂ ಉಪಕಾರವಾಗುತ್ತದೆ.

ಪ್ರಶ್ನೆ: ಕರಿಚಿರತೆ ಬೇರೆ ಜಾತಿಯ ಪ್ರಾಣಿಯೇ? ಅಣಶಿಯಲ್ಲಿ ಅದು ಹೆಚ್ಚು ಏಕೆ? (ಹುಬ್ಬಳ್ಳಿಯ ಏಳನೆಯ ತರಗತಿಯ ವಿದ್ಯಾರ್ಥಿ)

ಉತ್ತರ: ಬೇರೆ ಜಾತಿಯಲ್ಲ, ಮಗು. ಅದು ನಾವು ಎಲ್ಲೆಡೆ ಕಾಣುವ ಚಿರತೆಯೇ. ಮೈಬಣ್ಣವನ್ನು ನಿರ್ಧರಿಸುವ ಒಂದು ಗುಣಾಣುವಿನ ವ್ಯತ್ಯಾಸದಿಂದ ಕಪ್ಪು ಹೆಚ್ಚಾಗಿ ಹೀಗಾಗುತ್ತದೆ. ಆ ಗುಣ ತಾಯಿಯಿಂದಲೂ ತಂದೆಯಿಂದಲೂ ಬಂದರೆ ಮಾತ್ರ ಮರಿ ಕಪ್ಪಾಗುತ್ತದೆ. ಆದ್ದರಿಂದ ಚುಕ್ಕೆಯ ತಾಯಿತಂದೆಗೂ ಕಪ್ಪು ಮರಿ ಹುಟ್ಟಬಹುದು, ಒಂದೇ ಸೂಲಿನಲ್ಲಿ ಕಪ್ಪು ಮರಿಯೂ ಚುಕ್ಕೆಯ ಮರಿಯೂ ಇರಬಹುದು. ಬಿಸಿಲು ಓರೆಯಾಗಿ ಬಿದ್ದಾಗ ಕರಿಚಿರತೆಯ ಮೈಮೇಲೂ ಚುಕ್ಕೆಗಳು ಮಸುಕಾಗಿ ಕಾಣುತ್ತವೆ. ಅಣಶಿ ಘಟ್ಟದಲ್ಲಿ ಮಳೆ ಹೆಚ್ಚು, ಕಾಡು ದಟ್ಟ, ಹಗಲಲ್ಲೂ ನೆರಳು. ಅಂಥಲ್ಲಿ ಕಪ್ಪು ಮೈ ಬೇಟೆಗೆ ಅಡ್ಡಿಯಾಗುವುದಿಲ್ಲ, ಮರೆಯಾಗಿರಲು ಸಹಾಯವೇ ಆಗುತ್ತದೆ.

ನೀನು ಅಣಶಿ, ದಾಂಡೇಲಿಗೆ ಹೋದರೆ ಕರಿಚಿರತೆ ಕಾಣುವುದು ಬಹಳ ಕಷ್ಟ. ಆದರೆ ಮಂಗಟ್ಟೆ ಹಕ್ಕಿಯನ್ನು ಖಂಡಿತ ಹುಡುಕು. ಅದರಲ್ಲಿ ನಾಲ್ಕು ಬಗೆ ಅಲ್ಲಿವೆ. ದೊಡ್ಡ ಮಂಗಟ್ಟೆಯ ಹೆಣ್ಣು ಮೊಟ್ಟೆಯಿಡುವ ಕಾಲಕ್ಕೆ ಹಳೆಯ ಮರದ ಪೊಟರೆಯೊಳಗೆ ಸೇರಿ, ಕೊಕ್ಕು ಹೊರಬರುವಷ್ಟು ಸೀಳನ್ನು ಮಾತ್ರ ಬಿಟ್ಟು ಪೊಟರೆಯ ಬಾಯನ್ನು ಮುಚ್ಚಿಕೊಳ್ಳುತ್ತದೆ. ಗಂಡು ವಾರಗಟ್ಟಲೆ ಹಣ್ಣು ತಂದು ಆ ಸೀಳಿನಿಂದ ಉಣಿಸುತ್ತದೆ. ಬೆಳಗ್ಗೆ ಬೇಗನೆ ಎದ್ದು ಕಾಳಿ ನದಿಯ ದಡದಲ್ಲಿ ನಿಂತುಕೋ. ಮೊದಲು ಹಕ್ಕಿ ಕಾಣುವುದಿಲ್ಲ, ರೆಕ್ಕೆಯ ಸದ್ದು ಕೇಳುತ್ತದೆ, ತಿದಿ ಒತ್ತಿದ ಹಾಗೆ. ಆಗ ಮೇಲೆ ನೋಡು.